ಕಡೆದ ಮರದ ಬಟ್ಟಲಿಗೆ ಯಾವ ಲೇಪ? ಬಳಕೆ ನೋಡಿ ಆರಿಸುವ ಸಮಗ್ರ ಮಾರ್ಗದರ್ಶಿ

ಲೇತ್ ಮೇಲೆ ಕಡೆದ ಬಟ್ಟಲಿಗೆ ಏನು ಹಚ್ಚಲಿ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಅದರಲ್ಲಿ ಏನು ಹಾಕುತ್ತೀರಿ? ಅದನ್ನು ತೊಳೆಯುವವರು ಯಾರು? ಈ ಎರಡಕ್ಕೆ ಉತ್ತರ ಸಿಕ್ಕರೆ ಲೇಪದ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ. ಅಂಗಡಿಯವರು "ಅತಿ ಗಟ್ಟಿ", "ಅತಿ ಹೊಳಪು" ಎಂದು ಹೇಳಿ ಕೊಡುವ ಡಬ್ಬಿಗಳು ಬಾಗಿಲಿಗೆ, ಮೇಜಿಗೆ ಸರಿ. ಬಟ್ಟಲಿನ ಬಾಳೇ ಬೇರೆ: ಅದು ದಿನವೂ ನೀರು ಕಾಣುತ್ತದೆ, ಚಮಚದ ಗೀರು ತಿನ್ನುತ್ತದೆ, ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಹಾಗಾಗಿ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಊಟಕ್ಕೆ ಬಳಸುವ ಬಟ್ಟಲಿಗೆ, ಸವೆದಾಗ ಮನೆಯಲ್ಲೇ ಕೂತು ಮತ್ತೆ ಹಚ್ಚಿಕೊಳ್ಳಬಹುದಾದ ಲೇಪವೇ ಒಳ್ಳೆಯದು. ಒಮ್ಮೆ ಹಚ್ಚಿದರೆ ಎಂದೂ ಹೋಗದು ಎನ್ನುವ ಲೇಪ ಹೋಗುವ ದಿನ ಬಂದಾಗ ಪೂರ್ತಿ ಕೆರೆದು ತೆಗೆಯದೆ ದಾರಿ ಇರುವುದಿಲ್ಲ.

ಮೊದಲ ಹೆಜ್ಜೆ: ಬಳಕೆಯನ್ನು ತೀರ್ಮಾನಿಸಿ

ಕೋಸಂಬರಿ, ಹಣ್ಣಿನ ಹೋಳು, ಮೊಸರನ್ನದಂಥ ಒದ್ದೆ ತಿನಿಸು ಒಂದು ಗುಂಪು. ಗೋಡಂಬಿ, ದ್ರಾಕ್ಷಿ, ಚಕ್ಕುಲಿ, ಕುರುಕಲು ಇನ್ನೊಂದು. ಕುಂಕುಮ, ಬೀಗದ ಕೈ, ಹೂವು ಇಡುವ ಅಲಂಕಾರದ ಬಟ್ಟಲು ಮೂರನೆಯದು. ಕುದಿಯುವ ಸಾರು, ಬಿಸಿ ಪಾಯಸಕ್ಕೆ ಮರದ ಬಟ್ಟಲನ್ನು ನಾನು ಶಿಫಾರಸು ಮಾಡುವುದಿಲ್ಲ. ಮುಂದೆ ಬರುವ ಮೇಣ, ಅರಗು ಎರಡೂ ಬಿಸಿಗೆ ಮೆತ್ತಗಾಗುತ್ತವೆ, ತೆಳು ಅಂಚಿನ ಮರವೂ ಬಿಸಿ ಮತ್ತು ಒದ್ದೆ ಒಟ್ಟಿಗೆ ಬಂದರೆ ಸೊಟ್ಟಗಾಗುತ್ತದೆ.

ಏನೂ ಹಚ್ಚದೆ ಬಿಡುವುದೂ ಒಂದು ಆಯ್ಕೆ. ಮಲೆನಾಡಿನ ಹಳೆಯ ಮನೆಗಳ ಉಪ್ಪಿನ ಮರಿಗೆಯನ್ನು ನೋಡಿದವರಿಗೆ ಇದು ಗೊತ್ತು. ಅದಕ್ಕೆ ಯಾವ ಪಾಲಿಶೂ ಇಲ್ಲ. ಉಪ್ಪು ಬಿಡುವ ನೀರನ್ನು ಮರ ಹೀರುತ್ತದೆ, ಹವೆ ಒಣಗಿದಾಗ ಬಿಡುತ್ತದೆ. ಒಂದೇ ವಸ್ತುವಿಗೆ ಮೀಸಲಾದ, ಸೋಪು ಕಾಣದ ಪಾತ್ರೆಗೆ ಇಂದಿಗೂ ಅದೇ ಸರಿ. ಹಾಗೆ ಬಿಡುವುದಾದರೆ ಮರ ಮಾತ್ರ ದಟ್ಟವಾಗಿರಲಿ, ಉಜ್ಜಿದ್ದು ಚೆನ್ನಾಗಿರಲಿ.

ಎರಡನೆಯ ಹೆಜ್ಜೆ: ಮರವನ್ನು ಓದಿ

ಲೇಪ ಎಷ್ಟೇ ಒಳ್ಳೆಯದಿದ್ದರೂ ಹಸಿ ಮರದ ಮೇಲೆ ನಿಲ್ಲದು. ಹಸಿ ಮರವನ್ನು ಕಡೆಯುವುದು ಸುಲಭ, ಆದ್ದರಿಂದ ಅನೇಕರು ಮೊದಲು ದಪ್ಪಗೆ ಕಡೆದು, ಗೋಡೆಯನ್ನು ವ್ಯಾಸದ ಹತ್ತನೇ ಒಂದು ಭಾಗದಷ್ಟು ಉಳಿಸಿ, ಒಣಗಲು ಬಿಡುತ್ತಾರೆ. 25 ಸೆಂಟಿಮೀಟರ್ ಬಟ್ಟಲಿಗೆ ಎರಡೂವರೆ ಸೆಂಟಿಮೀಟರ್ ಗೋಡೆ. ಒಣಗಿದೆಯೋ ಇಲ್ಲವೋ ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ಬಟ್ಟಲಿನ ತಳದಲ್ಲೇ ಪೆನ್ಸಿಲಿನಲ್ಲಿ ಬರೆಯಿರಿ. ತೂಕ ಇಳಿಯುವುದು ನಿಂತಿತೆಂದರೆ ಮರ ನಿಮ್ಮ ಊರಿನ ಹವೆಗೆ ಹೊಂದಿಕೊಂಡಿದೆ. ಸುತ್ತುಂಗುರಗಳ ಗುಂಟ ಮರ ಕುಗ್ಗುವುದು ಉಂಗುರಗಳಿಗೆ ಅಡ್ಡ ಕುಗ್ಗುವುದರ ಸುಮಾರು ಇಮ್ಮಡಿ. ಹಾಗಾಗಿ ಗುಂಡಗಿದ್ದ ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಅದನ್ನು ಮತ್ತೆ ಲೇತ್‌ಗೆ ಏರಿಸಿ ಸರಿ ಮಾಡಿ, ಆಮೇಲೆ ಲೇಪದ ಮಾತು.

ಜಾತಿಯೂ ಮುಖ್ಯ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಗಿನ ಹೊತ್ತಿಗೆ ನೀರು ಕಂದಾಗುವುದನ್ನು ನೋಡಿರುತ್ತೀರಿ. ಅದೇ ಗುಣ ಬಟ್ಟಲಿನಲ್ಲಿ ಮೊಸರಿಗೆ ಬಣ್ಣ ಬಿಡುತ್ತದೆ. ಹಲಸಿನ ತಿರುಳಿನ ಹಳದಿಯೂ ನೀರಿಗೆ ಬಿಡುವಂಥದ್ದೇ. ಬೌದ್ಧ ಭಿಕ್ಷುಗಳ ಬಟ್ಟೆಗೆ ಆ ಬಣ್ಣ ಹಾಕುತ್ತಿದ್ದರು. ಇವೆರಡಕ್ಕೂ ಒಣಗಿ ಗಟ್ಟಿಯಾಗುವ ಲೇಪ ಬೇಕು. ತೇಗ ಮತ್ತು ಬೀಟೆಯಲ್ಲಿ ತಮ್ಮದೇ ಎಣ್ಣೆಯಂಶ ಇರುವುದರಿಂದ ಅವುಗಳ ಮೇಲೆ ಹಚ್ಚಿದ ಎಣ್ಣೆ ಒಣಗಲು ಬಹಳ ತಡ. ಲೇಪಕ್ಕೆ ಮುಂಚೆ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿಕೊಂಡರೆ ಸ್ವಲ್ಪ ಅನುಕೂಲ. ಜಾಲಿ, ನೇರಳೆಯಂಥ ಒಗರಿನ ಮರಗಳ ಮೇಲೆ ಸ್ಟೀಲ್ ವೂಲ್ ಬಳಸಬೇಡಿ. ಉಳಿದ ಕಬ್ಬಿಣದ ಎಳೆ ನೀರು ತಾಗಿದೊಡನೆ ಕಪ್ಪು ಚುಕ್ಕೆಯಾಗುತ್ತದೆ. ಕಣಗಿಲೆಯಂಥ ವಿಷದ ಗಿಡದ ಕಾಂಡ ಎಷ್ಟೇ ಚೆಂದವಿದ್ದರೂ ಊಟದ ಬಟ್ಟಲಿಗೆ ಬೇಡವೇ ಬೇಡ. ಯಾವ ಲೇಪವೂ ಅದನ್ನು ಊಟಕ್ಕೆ ಯೋಗ್ಯ ಮಾಡದು.

ಮೂರನೆಯ ಹೆಜ್ಜೆ: ಉಜ್ಜುವುದು

ಇಲ್ಲಿ ಅವಸರ ಮಾಡಿದವರಿಗೆ ಲೇಪ ಕನ್ನಡಿ ಹಿಡಿಯುತ್ತದೆ. ಬರಿಗಣ್ಣಿಗೆ ಕಾಣದ ಗೀರೆಲ್ಲ ಎಣ್ಣೆ ಬಿದ್ದೊಡನೆ ಎದ್ದು ಬರುತ್ತದೆ. 120ರ ಸ್ಯಾಂಡ್‌ಪೇಪರ್‌ನಿಂದ ಹೊರಟು 180, 240, 320ಕ್ಕೆ ಬನ್ನಿ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ). ಉಳಿಯ ಗುರುತು ಆಳವಿದ್ದರೆ 80ರಿಂದ ಶುರು. ನಡುವೆ ಒಂದನ್ನು ಹಾರಿಸಿದರೆ ಹಿಂದಿನ ಕಾಗದದ ಗೀರು ಅಳಿಸಲು ಮುಂದಿನದಕ್ಕೆ ಶಕ್ತಿ ಸಾಲದು. ಲೇತ್ ನಿಧಾನಕ್ಕೆ ತಿರುಗಲಿ, ಕಾಗದ ಬೆರಳಿಗೆ ಬಿಸಿ ಮುಟ್ಟಿಸುವಷ್ಟು ಒತ್ತಬಾರದು, ಮೂಗಿಗೆ ಮಾಸ್ಕ್ ಇರಲೇಬೇಕು. ಬೀಟೆ ಜಾತಿಯ ಮರದ ಪುಡಿ ಹಲವರ ಚರ್ಮಕ್ಕೂ ಉಸಿರಿಗೂ ಆಗಿಬರುವುದಿಲ್ಲ.

ಪ್ರತಿ ಬಟ್ಟಲಿನ ಒಳಗೂ ನಾರಿನ ತುದಿ ಎದುರಾಗುವ ಎರಡು ಜಾಗಗಳಿರುತ್ತವೆ, ಒಂದರ ಎದುರು ಇನ್ನೊಂದು. ಉಳಿ ಅಲ್ಲೇ ನಾರು ಕೀಳುವುದು, ಎಣ್ಣೆ ಅಲ್ಲೇ ಹೆಚ್ಚು ಹೀರುವುದು, ಕಪ್ಪಾಗುವುದೂ ಅಲ್ಲೇ. ಲೇತ್ ನಿಲ್ಲಿಸಿ ಆ ಎರಡು ಜಾಗಗಳನ್ನು ಕೈಯಿಂದಲೇ ಉಜ್ಜಿ.

240 ಮುಗಿದಾಗ ಒದ್ದೆ ಬಟ್ಟೆಯಿಂದ ಒಮ್ಮೆ ಸವರಿ, ಒಣಗಲು ಬಿಡಿ. ಮಲಗಿದ್ದ ನಾರು ಎದ್ದು ಒರಟಾಗುತ್ತದೆ. ಅದನ್ನು 320ರಲ್ಲಿ ತೆಳ್ಳಗೆ ತೆಗೆಯಿರಿ. ಈ ಕೆಲಸ ಈಗ ಮಾಡದಿದ್ದರೆ ಮೊದಲ ಸಲ ತೊಳೆದಾಗ ಬಟ್ಟಲೇ ಮಾಡಿ ತೋರಿಸುತ್ತದೆ. ಎಣ್ಣೆ ಹಚ್ಚುವುದಾದರೆ 320ಕ್ಕೆ ನಿಲ್ಲಿಸುವುದು ಒಳ್ಳೆಯದು. ಅದಕ್ಕಿಂತ ನಯವಾದರೆ ಎಣ್ಣೆ ಒಳಗಿಳಿಯುವುದು ಕಡಿಮೆ. ಅರಗಿಗೆ 400ರವರೆಗೂ ಹೋಗಬಹುದು. ಕೊನೆಗೆ ಪುಡಿಯನ್ನು ಬ್ರಷ್‌ನಿಂದ ಗುಡಿಸಿ, ಒಣ ಬಟ್ಟೆಯಲ್ಲಿ ಒರೆಸಿ.

ನಾಲ್ಕನೆಯ ಹೆಜ್ಜೆ: ಎಣ್ಣೆಯನ್ನು ಆರಿಸುವುದು

ಎಣ್ಣೆಗಳೆಲ್ಲ ಒಂದೇ ಎನ್ನುವ ಭಾವನೆಯಿಂದಲೇ ಹೆಚ್ಚಿನ ಬಟ್ಟಲುಗಳು ಹಾಳಾಗುವುದು. ಕೆಲವು ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿ ಪದರವಾಗುತ್ತವೆ. ಕೆಲವು ಎಂದಿಗೂ ಆಗುವುದಿಲ್ಲ. ಇದನ್ನು ಅಳೆಯಲು ಅಯೋಡಿನ್ ಸಂಖ್ಯೆ ಎಂಬ ಲೆಕ್ಕವಿದೆ, ಅದು ಹೆಚ್ಚಿದಷ್ಟೂ ಎಣ್ಣೆ ಬೇಗ ಗಟ್ಟಿಯಾಗುತ್ತದೆ. ಅಗಸೆ ಎಣ್ಣೆಯದು 170ಕ್ಕಿಂತ ಹೆಚ್ಚು. ಕುಸುಬೆಯದು ಸುಮಾರು 140. ಎಳ್ಳೆಣ್ಣೆ 110ರ ಆಸುಪಾಸು. ಕಡಲೆಕಾಯಿ ಎಣ್ಣೆ, ಹರಳೆಣ್ಣೆ 80–100ರ ನಡುವೆ. ಕೊಬ್ಬರಿ ಎಣ್ಣೆ 10ರ ಹತ್ತಿರ.

ನಮ್ಮ ಮನೆಗಳಲ್ಲಿ ಮರ ಎಂದರೆ ಕೈ ಮೊದಲು ಹೋಗುವುದು ಕೊಬ್ಬರಿ ಎಣ್ಣೆಗೆ. ಹಚ್ಚಿದ ದಿನ ಬಟ್ಟಲು ಮಿಂಚುತ್ತದೆ, ನಿಜ. ಆದರೆ ಅದು ಒಣಗುವುದಿಲ್ಲ. ತೊಳೆದಾಗ ಹೋಗುತ್ತದೆ, ಉಳಿದದ್ದು ಕೆಲವು ತಿಂಗಳಲ್ಲಿ ಕಮಟು ಹಿಡಿಯುತ್ತದೆ. ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆ ಇನ್ನೂ ಕೆಟ್ಟದು, ಅತ್ತ ಒಣಗದೆ ಇತ್ತ ದ್ರವವಾಗಿಯೂ ಉಳಿಯದೆ ಅಂಟಂಟಾಗಿ ಧೂಳು ಹಿಡಿಯುತ್ತವೆ. ಹರಳೆಣ್ಣೆಯ ಜಿಡ್ಡಿನ ಬಗ್ಗೆ ಹೇಳಬೇಕಾದ್ದೇ ಇಲ್ಲ. ಅಡುಗೆಯ ಎಣ್ಣೆ ಎಂಬ ಒಂದೇ ಕಾರಣಕ್ಕೆ ಅದು ಬಟ್ಟಲಿಗೆ ಒಳ್ಳೆಯದಾಗುವುದಿಲ್ಲ.

ಒಣಗದ ಎಣ್ಣೆಯೇ ಬೇಕೆಂದಿದ್ದರೆ ಔಷಧದ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಐಪಿ (ಐಪಿ ಎಂದರೆ ಔಷಧ ದರ್ಜೆಯ ಗುರುತು) ತನ್ನಿ. ಮಲಬದ್ಧತೆಗೆ ಕುಡಿಯಲು ಕೊಡುವ ಅದೇ ಎಣ್ಣೆ. ಬಣ್ಣವಿಲ್ಲ, ವಾಸನೆಯಿಲ್ಲ, ಎಷ್ಟು ದಿನವಾದರೂ ಕಮಟಾಗುವುದಿಲ್ಲ. ಬೇಬಿ ಆಯಿಲ್ ಅದೇ ಅಲ್ಲವೇ ಎಂದರೆ, ಅದಕ್ಕೆ ಸುಗಂಧ ಸೇರಿಸಿರುತ್ತಾರೆ, ಬೇಡ. ಪ್ಯಾರಾಫಿನ್‌ನ ದೋಷ ಒಂದೇ, ಪ್ರತಿ ಕೆಲವು ವಾರಕ್ಕೊಮ್ಮೆ ಮತ್ತೆ ಹಚ್ಚುತ್ತಿರಬೇಕು. ಮನೆಯಲ್ಲಿ ಅದನ್ನು ನೆನಪಿಟ್ಟು ಮಾಡುವವರಿದ್ದರೆ ಹಣ್ಣಿನ ಬಟ್ಟಲಿಗೆ ಇದಕ್ಕಿಂತ ಸರಳ ಲೇಪ ಇಲ್ಲ.

ನನ್ನ ಮೊದಲ ಆಯ್ಕೆ ಮಾತ್ರ ಅಗಸೆ ಎಣ್ಣೆ. ವಿಜಯಪುರ, ಬಾಗಲಕೋಟೆಯ ಕಡೆ ಅಗಸಿ ಹಿಂಡಿ ಇಲ್ಲದೆ ರೊಟ್ಟಿ ಊಟ ಮುಗಿಯುವುದಿಲ್ಲ. ಅದೇ ಬೀಜವನ್ನು ಗಾಣದಲ್ಲಿ ತಣ್ಣಗೆ ಹಿಂಡಿದ ಎಣ್ಣೆ ಬಟ್ಟಲಿಗೆ ಬೇಕಾದದ್ದು. ಹಾರ್ಡ್‌ವೇರ್ ಅಂಗಡಿಯ "ಬಾಯಿಲ್ಡ್ ಲಿನ್ಸೀಡ್ ಆಯಿಲ್" ಕೂಡ ಅಗಸೆಯದೇ, ಆದರೆ ಬೇಗ ಒಣಗಲೆಂದು ಅದಕ್ಕೆ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣ ಬೆರೆಸುತ್ತಾರೆ. ಕಿಟಕಿ ಚೌಕಟ್ಟಿಗೆ ಅದು ಇರಲಿ, ಊಟದ ಬಟ್ಟಲಿಗೆ ಗಾಣದ್ದೇ ಇರಲಿ. ಒಣಗಲು ದಿನಗಳಲ್ಲ, ವಾರಗಳೇ ಹಿಡಿಯುತ್ತವೆ. ಆ ತಾಳ್ಮೆಯೇ ಇದರ ಬೆಲೆ. ಅಗಸೆ ಎಣ್ಣೆ ಮರವನ್ನು ಹೊಂಬಣ್ಣಕ್ಕೆ ತಿರುಗಿಸುತ್ತದೆ, ವರ್ಷ ಕಳೆದಂತೆ ಇನ್ನೂ ಗಾಢವಾಗುತ್ತದೆ. ಹಲಸಿಗೆ, ಮಾವಿಗೆ ಅದು ಚೆಂದ. ಹಾಲಿನಂತೆ ಬಿಳಿಯಿರುವ ಹಾಲೆ ಮರ ಬಿಳಿಯಾಗಿಯೇ ಇರಬೇಕೆಂದರೆ ಕುಸುಬೆ ಎಣ್ಣೆ ನೋಡಿ, ಹಳದಿಯಾಗುವುದು ಕಡಿಮೆ, ಒಣಗುವುದು ಮಾತ್ರ ಇನ್ನೂ ನಿಧಾನ. ಅಕ್ರೋಟಿನ ಎಣ್ಣೆಯೂ ಒಣಗುತ್ತದೆ. ಅಡುಗೆಗೆಂದು ಮಾರುವ ಬಾಟಲಿಯಲ್ಲಿ ಕೆಡದಂತೆ ವಿಟಮಿನ್ ಇ ಸೇರಿಸಿದ್ದರೆ ಒಣಗುವುದೂ ತಡವಾಗುತ್ತದೆ, ಅದರ ಮೇಲೆ ಬೀಜಗಳ ಅಲರ್ಜಿ ಇರುವವರಿಗೆ ಆ ಬಟ್ಟಲು ಕೊಡುವಂತಿಲ್ಲ. ಚೀನಾ ಮೂಲದ ಟಂಗ್ ಎಣ್ಣೆ ನೀರು ತಡೆಯುವುದರಲ್ಲಿ ಅಗಸೆಗಿಂತ ಮೇಲು. "ಟಂಗ್ ಆಯಿಲ್ ಫಿನಿಶ್" ಎಂದು ಬರೆದ ಡಬ್ಬಿಯಲ್ಲಿ ವಾರ್ನಿಶ್ ಮತ್ತು ತಿನ್ನರ್ ಇರುವುದು ಮಾಮೂಲು, ತರಿಸುವುದಾದರೆ ಶುದ್ಧ ಎಣ್ಣೆ ಎಂದು ಖಚಿತಪಡಿಸಿಕೊಂಡು ತರಿಸಿ.

ಅಗಸೆ ಎಣ್ಣೆ ಹಚ್ಚುವ ಬಗೆ

ಬಟ್ಟಲನ್ನು ಬೆಳಗಿನ ಎಳೆ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಬೆಚ್ಚಗೆ ಮಾಡಿಕೊಳ್ಳಿ. ಹಳೆಯ ಹತ್ತಿ ಬಟ್ಟೆಯಿಂದ ಧಾರಾಳವಾಗಿ ಎಣ್ಣೆ ಸವರಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಕೆಲವು ಕಡೆ ಹೀರಿಕೊಂಡು ಮಂಕಾಗಿರುತ್ತದೆ, ಅಲ್ಲಿಗೆ ಮತ್ತೆ ಕೊಡಿ. ನಾರಿನ ತುದಿಯ ಜಾಗಗಳು ಮೂರ್ನಾಲ್ಕು ಸಲ ಕುಡಿಯುತ್ತವೆ. ಮುಂದಿನ ಅರ್ಧ ಗಂಟೆಯ ನಂತರ ಒಣ ಬಟ್ಟೆ ತೆಗೆದುಕೊಂಡು ಮೇಲೆ ಉಳಿದ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ. ಕೈಯಾಡಿಸಿದರೆ ಬೆರಳಿಗೆ ಜಿಡ್ಡು ಹತ್ತಬಾರದು. ಹೆಚ್ಚು ಬಿಟ್ಟರೆ ಹೆಚ್ಚು ರಕ್ಷಣೆ ಎಂದು ತೋರಬಹುದು, ಆದರೆ ಮೇಲೆ ಉಳಿದ ದಪ್ಪ ಎಣ್ಣೆ ಕೆನೆಗಟ್ಟಿ ಸುಕ್ಕಾಗುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ.

ಗಾಳಿ, ಬೆಳಕು ಎರಡೂ ಇರುವ ಜಾಗದಲ್ಲಿ ನಾಲ್ಕೈದು ದಿನ ಬಿಡಿ. ನಡುಮಧ್ಯಾಹ್ನದ ಬಿಸಿಲು ಬೇಡ, ಬಟ್ಟಲು ಸೀಳುತ್ತದೆ. ಎರಡನೆಯ ಸಲ ಎಣ್ಣೆ ಬಹಳ ಕಡಿಮೆ ಸಾಕು. ಮೂರನೆಯ ಸಲ 400ರ ಕಾಗದವನ್ನು ಎಣ್ಣೆಯಲ್ಲೇ ಅದ್ದಿ ಉಜ್ಜಿದರೆ, ಮರದ ನುಣ್ಣನೆಯ ಪುಡಿ ಎಣ್ಣೆಯೊಂದಿಗೆ ರಂಧ್ರಗಳಲ್ಲಿ ಕೂತು ಮೇಲ್ಮೈ ರೇಷ್ಮೆಯಂತಾಗುತ್ತದೆ. ಅದನ್ನೂ ಒರೆಸಿ, ಮೂರು ನಾಲ್ಕು ವಾರ ಮುಟ್ಟದೆ ಬಿಡಿ.

ಕರಾವಳಿ, ಮಲೆನಾಡಿನವರಿಗೆ ಒಂದು ಮಾತು. ಆಷಾಢದಲ್ಲಿ ಈ ಕೆಲಸ ಹಿಡಿಯಬೇಡಿ. ತೇವದ ಕತ್ತಲೆ ಮೂಲೆಯಲ್ಲಿ ಅರೆ ಒಣಗಿದ ಅಗಸೆ ಎಣ್ಣೆಯ ಮೇಲೆ ಬೂಸ್ಟು ಬೆಳೆಯುತ್ತದೆ. ದೀಪಾವಳಿ ಕಳೆದ ಮೇಲಿನ ಒಣ ಹವೆ ಇದಕ್ಕೆ ಹೇಳಿ ಮಾಡಿಸಿದ್ದು.

ಇನ್ನು ಅತ್ಯಂತ ಮುಖ್ಯವಾದದ್ದು. ಒಣಗುವ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಆಮ್ಲಜನಕದೊಂದಿಗೆ ಸೇರುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗಿನ ಬಿಸಿಗೆ ಹೊರಹೋಗಲು ದಾರಿಯಿಲ್ಲದೆ, ಬೆಂಕಿ ಕಡ್ಡಿ ಗೀರದೆಯೇ ಬಟ್ಟೆ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಮರದ ಹೊಟ್ಟಿನ ರಾಶಿ ಇರುವ ಕೋಣೆಯಲ್ಲಿ ಇದರ ಅರ್ಥ ನಿಮಗೇ ಗೊತ್ತು. ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಒಂಟಿ ಪದರವಾಗಿ ಹರವಿ, ಪೂರ್ತಿ ಗಡುಸಾದ ಮೇಲೆ ಬಿಸಾಡಿ. ಇಲ್ಲವೇ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರಿನಲ್ಲಿ ಮುಳುಗಿಸಿಡಿ.

ಎಣ್ಣೆಯ ಜೊತೆ ಮೇಣ

ಜೇನುಮೇಣ ಒಂದು ಪಾಲು, ಲಿಕ್ವಿಡ್ ಪ್ಯಾರಾಫಿನ್ ನಾಲ್ಕು ಪಾಲು, ಎರಡೂ ತೂಕದಲ್ಲಿ. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ನೇರ ಉರಿಯ ಮೇಲೆ ಬೇಡ. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತಣಿದಾಗ ಮುಲಾಮಿನ ಹದಕ್ಕೆ ಬರುತ್ತದೆ. ಕಲಬುರಗಿಯ ಬೇಸಿಗೆಗೆ ಅದು ಮೆತ್ತಗೆನಿಸಿದರೆ ಒಂದಕ್ಕೆ ಮೂರರಂತೆ ಮಾಡಿಕೊಳ್ಳಿ. ಹಚ್ಚಿ, ಒಂದು ರಾತ್ರಿ ಬಿಟ್ಟು, ಬಟ್ಟೆಯಿಂದ ತಿಕ್ಕಿದರೆ ಮೃದುವಾದ ಮೆರುಗು. ಒಣಗಿದ ಅಗಸೆ ಎಣ್ಣೆಯ ಮೇಲೂ ಇದನ್ನು ಕೊಡಬಹುದು. ಪೇಟೆಯ ಮೇಣಕ್ಕೆ ಪ್ಯಾರಾಫಿನ್ ಮೇಣ ಬೆರೆಸುವುದುಂಟು, ಜೇನು ಸಾಕುವವರಿಂದಲೇ ಕೊಂಡರೆ ವಾಸನೆಯಲ್ಲೇ ವ್ಯತ್ಯಾಸ ತಿಳಿಯುತ್ತದೆ. ಇನ್ನೂ ಗಟ್ಟಿ ಬೇಕೆನ್ನುವವರು ಸ್ವಲ್ಪ ಕಾರ್ನೌಬಾ ಸೇರಿಸುತ್ತಾರೆ. ಅದು ಬ್ರೆಜಿಲ್‌ನ ಒಂದು ಜಾತಿಯ ತಾಳೆಯ ಎಲೆಯ ಮೇಣ, ಕರಗಲು 80 ಡಿಗ್ರಿಗಿಂತ ಮೇಲೆ ಬೇಕು.

ಅರಗು: ನಮ್ಮದೇ ಲೇಪ

ಕುರುಕಲಿನ ಬಟ್ಟಲು, ಕುಂಕುಮದ ಬಟ್ಟಲು ಎಂದರೆ ನನಗೆ ಬೇರೆ ಯೋಚನೆಯೇ ಬರುವುದಿಲ್ಲ. ಮುತ್ತುಗ, ಬೋರೆಯಂಥ ಮರಗಳ ಕೊಂಬೆಗಳ ಮೇಲೆ ಅರಗಿನ ಹುಳು ಸ್ರವಿಸುವ ರಾಳ ಇದು. ದೇಶದಲ್ಲಿ ಇದರ ದೊಡ್ಡ ನೆಲೆ ಜಾರ್ಖಂಡ್. ರಾಂಚಿಯಲ್ಲಿ 1924ರಲ್ಲೇ ಅರಗಿನ ಸಂಶೋಧನಾ ಸಂಸ್ಥೆ ಶುರುವಾಯಿತು. ಮಾತ್ರೆ, ಮಿಠಾಯಿಗಳ ಹೊಳಪಿಗೂ ಇದೇ ಅರಗನ್ನು ಇ904 ಎಂಬ ಸಂಖ್ಯೆಯಡಿ ಬಳಸುತ್ತಾರೆ, ಹಾಗಾಗಿ ಶುದ್ಧ ಅರಗು ಬಾಯಿಗೆ ತಾಗುವುದರ ಬಗ್ಗೆ ಆತಂಕ ಬೇಡ. ಹುಳುವಿನಿಂದ ಬಂದದ್ದು ಬೇಡವೆನ್ನುವ ಮನೆಗಳಿಗೆ ಕೊಡುವಾಗ ಮಾತ್ರ ಮೊದಲೇ ತಿಳಿಸಿ. ಜೇನುಮೇಣಕ್ಕೂ ಇದೇ ಮಾತು.

ಚನ್ನಪಟ್ಟಣದ ಕುಶಲಕರ್ಮಿಗಳ ದಾರಿ ಎಲ್ಲಕ್ಕಿಂತ ಚೆಂದ. ಕಡೆದ ಹಾಲೆ ಮರ ಲೇತ್ ಮೇಲೆ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆ ಗರಿಯನ್ನು, ಅಂದರೆ ಕೇದಗೆ ಜಾತಿಯ ಗಿಡದ ಎಲೆಯನ್ನು, ಒತ್ತಿ ಹರಡಿ ಮೆರುಗು ಕೊಡುತ್ತಾರೆ. ಬ್ರಷ್ ಇಲ್ಲ, ತಿನ್ನರ್ ಇಲ್ಲ, ಒಣಗಲು ಕಾಯುವುದೂ ಇಲ್ಲ. ಆಂಧ್ರದ ಏಟಿಕೊಪ್ಪಾಕದಲ್ಲೂ ಇದೇ ಜಾತಿಯ ಮರ, ಇದೇ ಅರಗಿನ ಕೆಲಸ. ನೀವು ಮನೆಯಲ್ಲಿ ಮಾಡಿ ನೋಡುವುದಾದರೆ ಬಟ್ಟಲಿನ ಹೊರಮೈಯಿಂದ ಶುರು ಮಾಡಿ. ಒಳಗಿನ ಬಾಗಿನಲ್ಲಿ ಕಡ್ಡಿ ಸಮನಾಗಿ ಒತ್ತಲು ಕೈ ಪಳಗಬೇಕು. ಬಣ್ಣದ ಕಡ್ಡಿ ಕೊಳ್ಳುವಾಗ ಅರಿಶಿನ, ನೀಲಿಯಂಥ ಸಸ್ಯದ ಬಣ್ಣದ್ದೇ ಎಂದು ಕೇಳಿ ತನ್ನಿ. ಆಹಾರ ಮುಟ್ಟುವ ಒಳಮೈಗೆ ಬಣ್ಣವಿಲ್ಲದ ಅರಗೇ ನನ್ನ ಸಲಹೆ.

ಲೇತ್ ಮೇಲೆ ಬಿಸಿ ಅರಗು ಹತ್ತಿಸುವುದು ಕಷ್ಟವೆನಿಸಿದರೆ ಬಡಗಿಗಳ ಫ್ರೆಂಚ್ ಪಾಲಿಶ್ ದಾರಿ ಇದೆ. ಮೇಣ ತೆಗೆದ ಅರಗಿನ ಚಕ್ಕೆ 120 ಗ್ರಾಂ, ಸ್ಪಿರಿಟ್ ಒಂದು ಲೀಟರ್. ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ನೆನೆಸಿ, ಆಗಾಗ ಅಲ್ಲಾಡಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಬಾಟಲಿಯ ಮೇಲೆ ತಾರೀಕು ಬರೆಯಿರಿ. ಆರು ತಿಂಗಳು ದಾಟಿದ ದ್ರಾವಣ ಸರಿಯಾಗಿ ಒಣಗದೆ ಅಂಟುತ್ತದೆ, ಹೊಸದು ಮಾಡಿಕೊಳ್ಳುವುದೇ ಲೇಸು. ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ ಉಂಡೆಯಿಂದ ತೆಳ್ಳಗೆ ಸವರಿ, ಸವರಿದ ಜಾಗಕ್ಕೆ ಅದೇ ಕ್ಷಣ ಮತ್ತೆ ಹೋಗಬೇಡಿ. ಅರ್ಧ ಗಂಟೆಗೊಮ್ಮೆಯಂತೆ ನಾಲ್ಕೈದು ಪದರ, ನಡುವೆ 400ರ ಕಾಗದದ ಹಗುರ ಸ್ಪರ್ಶ. ಅಂಗಡಿಯ ಸ್ಪಿರಿಟ್‌ಗೆ ಕುಡಿಯಬಾರದೆಂದು ವಿಷ ಬೆರೆಸಿರುತ್ತಾರೆ, ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ.

ಅರಗು ಹುಳಿಗೆ ಜಗ್ಗದು, ಕ್ಷಾರಕ್ಕೆ ಸೋಲುತ್ತದೆ. ಬೂದಿ, ಸೋಡಾ, ಪಾತ್ರೆ ತಿಕ್ಕುವ ಪುಡಿ ತಾಗಿದರೆ ಎದ್ದು ಹೋಗುತ್ತದೆ. ನೀರು ನಿಂತರೆ ಬಿಳಿ ಮಚ್ಚೆ, ಬಿಸಿ ತಾಗಿದರೆ ಮೆತ್ತಗೆ. ಕೋಸಂಬರಿಯ ಬಟ್ಟಲಿಗೆ ಅರಗು ಬೇಡ ಎನ್ನುವುದು ಇದಕ್ಕೇ. ಆದರೆ ಸರಿಪಡಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಹೊಸ ಪದರದ ಸ್ಪಿರಿಟ್ ಹಳೆಯ ಪದರವನ್ನು ಕರಗಿಸಿ ಎರಡನ್ನೂ ಒಂದು ಮಾಡುತ್ತದೆ.

ಪಿಯು, ಮೆಲಮೈನ್, ಎನ್‌ಸಿ ಲ್ಯಾಕರ್

ಪಿಯು ಎಂದರೆ ಪಾಲಿಯುರೆಥೇನ್, ಎನ್‌ಸಿ ಎಂದರೆ ನೈಟ್ರೋಸೆಲ್ಯುಲೋಸ್. ಪೀಠೋಪಕರಣದವರ ಈ ಲೇಪಗಳು ಗಾಜಿನಂಥ ಪದರ ಕೊಡುತ್ತವೆ. ಅಲಂಕಾರದ ಬಟ್ಟಲಿಗೆ ಅಭ್ಯಂತರವಿಲ್ಲ. ಊಟದ ಬಟ್ಟಲಿಗೆ ನಾನು ಬಳಸುವುದಿಲ್ಲ. ಪದರದ ಕೆಳಗೆ ಮರ ಹಿಗ್ಗಿ ಕುಗ್ಗಿದಾಗ ಎಲ್ಲೋ ಒಂದು ಕೂದಲೆಳೆಯ ಬಿರುಕು ಬೀಳುತ್ತದೆ, ಅಲ್ಲಿಂದ ನೀರು ಒಳಗಿಳಿದು ಅಡಿಯಲ್ಲಿ ಕಪ್ಪಾಗುತ್ತದೆ, ಮೇಲಿನಿಂದ ಏನೂ ಮಾಡಲಾಗದು. ಬಳಸಲೇಬೇಕೆಂದರೆ ಆಹಾರ ತಾಗುವ ಪಾತ್ರೆಗೆ ಆಗುತ್ತದೆ ಎಂದು ತಯಾರಕರೇ ಬರೆದದ್ದನ್ನು ಆರಿಸಿ, ಪೂರ್ತಿ ಗಟ್ಟಿಯಾಗಲು ಒಂದು ತಿಂಗಳು ಬಿಟ್ಟು ಆಮೇಲೆ ಬಳಸಿ. ಕೈಗೆ ಅಂಟದಿರುವುದು ಒಣಗಿದ ಲಕ್ಷಣ ಮಾತ್ರ, ಒಳಗಿನ ದ್ರಾವಕ ಹೋಗಲು ವಾರಗಳು ಬೇಕು.

ಕೊನೆಯ ಹೆಜ್ಜೆ: ಪರೀಕ್ಷೆ, ಆರೈಕೆ

ಅದೇ ಮರದ ತುಂಡಿನ ಮೇಲೆ ಮೊದಲು ಹಚ್ಚಿ ನೋಡುವುದು ರೂಢಿಯಾಗಲಿ. ತುಂಡು ಉಳಿದಿಲ್ಲದಿದ್ದರೆ ಬಟ್ಟಲಿನ ಅಡಿಪಾದ ಇದೆ. ಲೇಪ ಮುಗಿದ ಮೇಲೆ ಬಟ್ಟಲಿಗೆ ತಟ್ಟೆ ಮುಚ್ಚಿ ಒಂದು ರಾತ್ರಿ ಇಡಿ. ಬೆಳಿಗ್ಗೆ ತೆರೆದು ಮೂಸಿದಾಗ ಎಣ್ಣೆಯ ಅಥವಾ ಸ್ಪಿರಿಟ್‌ನ ವಾಸನೆ ಬಂದರೆ ಇನ್ನೂ ಒಂದು ವಾರ ಕಾಯಬೇಕು. ವಾಸನೆ ಇಲ್ಲವೆಂದರೆ ಒಳಗೆ ನಾಲ್ಕು ಹನಿ ನೀರು ಬಿಟ್ಟು ಹತ್ತು ನಿಮಿಷ ನೋಡಿ. ಒರೆಸಿದಾಗ ಮಚ್ಚೆ ಉಳಿದರೆ ಒದ್ದೆ ತಿನಿಸಿಗೆ ಸಿದ್ಧವಾಗಿಲ್ಲ, ಇನ್ನೊಂದು ತೆಳು ಪದರ ಕೊಡಿ.

ಬಳಸಿದ ಬಟ್ಟಲನ್ನು ಸಿಂಕ್‌ನಲ್ಲಿ ನೆನೆಯಲು ಬಿಡಬಾರದು, ಡಿಶ್‌ವಾಷರ್ ಅಂತೂ ಬೇಡವೇ ಬೇಡ. ಉಗುರುಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ, ಬೇಕಾದರೆ ಒಂದು ಹನಿ ಲಿಕ್ವಿಡ್ ಸೋಪು, ಇಷ್ಟು ಸಾಕು. ತಕ್ಷಣ ಒರೆಸಿ, ಮಗುಚಿಡದೆ ಓರೆಯಾಗಿ ನಿಲ್ಲಿಸಿ, ಒಳಹೊರಗೆರಡೂ ಗಾಳಿಯಾಡಲಿ. ಮನೆಗೆಲಸಕ್ಕೆ ಬರುವವರು ತೊಳೆಯುವುದಾದರೆ ಅವರಿಗೂ ಒಮ್ಮೆ ತೋರಿಸಿಕೊಡಿ, ಸ್ಟೀಲ್ ಸ್ಕ್ರಬ್ಬರ್ ಒಂದೇ ಸಲಕ್ಕೆ ವಾರಗಳ ಕೆಲಸ ಅಳಿಸುತ್ತದೆ. ಯಾರಿಗಾದರೂ ಉಡುಗೊರೆ ಕೊಡುವಾಗ ಯಾವ ಎಣ್ಣೆ ಹಚ್ಚಿದೆ, ಮತ್ತೆ ಹೇಗೆ ಹಚ್ಚಬೇಕು ಎಂದು ನಾಲ್ಕು ಸಾಲಿನ ಚೀಟಿ ಜೊತೆಗಿಡಿ, ಆಗುವುದಾದರೆ ಒಂದು ಪುಟ್ಟ ಡಬ್ಬಿ ಮೇಣದ ಮುಲಾಮನ್ನೂ. ಮೇಲ್ಮೈ ಬಿಳಿಚಿ ಒಣಗಿದಂತೆ ಕಂಡಾಗ 400ರ ಕಾಗದದಿಂದ ನಯವಾಗಿ ಸವರಿ, ಮೊದಲು ಹಚ್ಚಿದ್ದನ್ನೇ ಒಂದು ಪದರ ಹಚ್ಚಿದರೆ ಸಾಕು. ಒಣಗಿದ ಅಗಸೆಯ ಮೇಲೆ ಪ್ಯಾರಾಫಿನ್-ಮೇಣ ಹಾಕಬಹುದು, ಆದರೆ ಪ್ಯಾರಾಫಿನ್ ಕುಡಿದ ಮರದ ಮೇಲೆ ಅಗಸೆಯಾಗಲಿ ಅರಗಾಗಲಿ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಯಾವುದರಿಂದ ಶುರು ಮಾಡಿದಿರಿ ಎಂಬುದನ್ನು ಬಟ್ಟಲಿನ ತಳದಲ್ಲಿ ಪೆನ್ಸಿಲಿನಿಂದ ಬರೆದಿಡಿ.